ಗಿರಿಗದ್ದೆಯಲ್ಲೇ ಏಕೆ ನಿಲ್ಲುತ್ತೇವೆ? ಜಿಪಿಎಸ್ ಇಟ್ಟುಕೊಂಡು ಕಾಡುದಾರಿಯ ಲೆಕ್ಕ ಹಾಕುವ ಬಗೆ

ನಮ್ಮ ಕಾಲೇಜಿನ ರೋವರ್ಸ್–ರೇಂಜರ್ಸ್ ಘಟಕದ ಡಿಸೆಂಬರ್ ಚಾರಣದ ಸೂಚನೆ ನೋಟಿಸ್ ಬೋರ್ಡಿಗೆ ಬಂದ ದಿನದಿಂದ ನನಗೆ ಎದುರಾಗುತ್ತಿರುವುದು ಒಂದೇ ಪ್ರಶ್ನೆ. "ಕುಮಾರ ಪರ್ವತಕ್ಕೆ ಹೋಗುವುದಾದರೆ ತುದಿಗೇ ಹೋಗಬಹುದಲ್ಲ, ಗಿರಿಗದ್ದೆವರೆಗೆ ಮಾತ್ರ ಯಾಕೆ?" ಕ್ಯಾಂಟೀನಿನಲ್ಲಿ ಕೇಳಿದರು, ಬಸ್ಸಿನಲ್ಲಿ ಕೇಳಿದರು, ಒಬ್ಬ ಉಪನ್ಯಾಸಕರೂ ಕೇಳಿದರು. ದಾರಿಯ ನಕ್ಷೆ ಮತ್ತು ಸಮಯದ ಲೆಕ್ಕ ತಯಾರಿಸಿದ ನಾಲ್ವರಲ್ಲಿ ನಾನೂ ಒಬ್ಬಳಾದ್ದರಿಂದ ಉತ್ತರವನ್ನು ಒಂದೇ ಸಲ ಬರೆದುಬಿಡುವುದು ಒಳ್ಳೆಯದು ಅನ್ನಿಸಿತು. ಒಂದು ಮಾತಿನಲ್ಲಿ ಹೇಳುವುದಾದರೆ, ಲೆಕ್ಕ ಒಪ್ಪಲಿಲ್ಲ. ಆ ಲೆಕ್ಕ ಹೇಗೆ ಮಾಡಿದೆವು ಎಂಬುದನ್ನು ಮುಂದೆ ಹೇಳುತ್ತೇನೆ. ಕಾಮರ್ಸ್ ಹುಡುಗಿಗೆ ಬೆಟ್ಟ, ಉಪಗ್ರಹಗಳ ವಿಷಯ ಏಕೆ ಎಂದು ವಿಜ್ಞಾನ ವಿಭಾಗದವರು ನಗಬಹುದು. ಇದರಲ್ಲಿ ಮುಕ್ಕಾಲು ಪಾಲು ಬಜೆಟ್ ಹಾಕುವ ಕೆಲಸವೇ.

ನಾವು ಪ್ರಾಂಶುಪಾಲರ ಹತ್ತಿರ ಅನುಮತಿ ಕೇಳಲು ಹೋದಾಗ ಅವರು ಆಗುವುದಿಲ್ಲ ಎನ್ನಲಿಲ್ಲ. "ಎಲ್ಲಿಗೆ, ಎಷ್ಟು ಹೊತ್ತಿಗೆ, ಏನಾದರೂ ಆದರೆ ಏನು ಮಾಡುತ್ತೀರಿ, ಇಷ್ಟನ್ನು ಕಾಗದದ ಮೇಲೆ ಕೊಡಿ, ಆಮೇಲೆ ನೋಡೋಣ" ಎಂದರು. ಮನೆಯಲ್ಲಿ ಅಮ್ಮಿಯ ಪ್ರಶ್ನೆ ಇನ್ನೂ ಚಿಕ್ಕದು. "ಜಂಗಲ್ ಕು ಕಾಯ್ಕು ಜಾನಾ?" ಹೆಸರು ಕೊಟ್ಟ ಹನ್ನೊಂದು ಹುಡುಗಿಯರಲ್ಲಿ ಏಳು ಜನರ ಮನೆಯಲ್ಲಿ ಇದೇ ಮಾತು ಬಂದಿದೆ. ಅತ್ತು, ಊಟ ಬಿಟ್ಟು ಒಪ್ಪಿಸುವ ದಾರಿ ನಮಗೆಲ್ಲ ಗೊತ್ತಿರುವುದೇ. ಆದರೆ ಹಾಗೆ ಸಿಕ್ಕ ಅನುಮತಿ ಒಂದು ಸಲಕ್ಕೆ ಮುಗಿಯುತ್ತದೆ. ಕಾಗದ ತೋರಿಸಿ ಪಡೆದರೆ ಮುಂದಿನ ವರ್ಷದ ಹುಡುಗಿಯರಿಗೂ ಉಳಿಯುತ್ತದೆ ಎಂಬುದು ನಮ್ಮ ಆಸೆ.

ಮೊದಲು ಜಿಪಿಎಸ್ ಎಂದರೆ ಏನು ಎಂಬುದು. ಬಹಳ ಜನ ಅದನ್ನು ಇಂಟರ್ನೆಟ್ಟಿನ ಒಂದು ಭಾಗ ಎಂದುಕೊಂಡಿದ್ದಾರೆ. "ಕಾಡಿನಲ್ಲಿ ನೆಟ್‌ವರ್ಕೇ ಇರಲ್ಲ, ಜಿಪಿಎಸ್ ಹೇಗೆ ನಡೆಯುತ್ತೆ?" ಎಂದು ಕೇಳುತ್ತಾರೆ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ದಿನಕ್ಕೆ ಎರಡು ಸುತ್ತು ಹಾಕುತ್ತಾ, ತಾವು ಯಾರು, ಎಲ್ಲಿದ್ದೇವೆ, ಈಗ ಸಮಯ ಎಷ್ಟು ಎಂದು ಸಾರುತ್ತಲೇ ಇರುತ್ತವೆ. ನಮ್ಮ ಕೈಯಲ್ಲಿರುವ ಸಾಧನ ಅದನ್ನು ಕೇಳಿಸಿಕೊಳ್ಳುತ್ತದೆ, ರೇಡಿಯೋ ಕೇಳಿಸಿಕೊಂಡ ಹಾಗೆ. ತಿರುಗಿ ಏನನ್ನೂ ಕಳಿಸುವುದಿಲ್ಲ. ಆದ್ದರಿಂದ ಸಿಮ್ ತೆಗೆದ ಫೋನಿನಲ್ಲೂ ಜಿಪಿಎಸ್ ನಡೆಯುತ್ತದೆ. ಕಾಡಿನಲ್ಲಿ ಕೈಕೊಡುವುದು ನಕ್ಷೆ, ಏಕೆಂದರೆ ನಾವು ದಿನಾ ನೋಡುವ ನಕ್ಷೆ ಇಂಟರ್ನೆಟ್ಟಿನಿಂದ ತುಂಡು ತುಂಡಾಗಿ ಇಳಿದು ಬರುತ್ತಿರುತ್ತದೆ. ನಕ್ಷೆಯನ್ನು ಮನೆಯಲ್ಲೇ ಪೂರ್ತಿ ಇಳಿಸಿಕೊಂಡು ಹೋದರೆ ಆ ತೊಂದರೆ ಇಲ್ಲ.

ಇದೇ ಮಾತಿಗೆ ಇನ್ನೊಂದು ಮಗ್ಗುಲಿದೆ. ಸಾಧನ ಏನನ್ನೂ ಕಳಿಸುವುದಿಲ್ಲವಾದ್ದರಿಂದ ನಾವು ಎಲ್ಲಿದ್ದೇವೆ ಎಂದು ಅದು ಯಾರಿಗೂ ಹೇಳುವುದಿಲ್ಲ. "ಜಿಪಿಎಸ್ ಇದೆಯಲ್ಲ, ತಪ್ಪಿಸಿಕೊಂಡರೆ ಹುಡುಕಿಬಿಡುತ್ತಾರೆ" ಎಂಬ ಧೈರ್ಯಕ್ಕೆ ಆಧಾರವಿಲ್ಲ. ಅಬ್ಬಾಗೆ ಇದನ್ನು ಬಿಡಿಸಿ ಹೇಳಲು ನನಗೆ ಒಂದು ಇಡೀ ಸಂಜೆ ಹಿಡಿಯಿತು. ಹೇಳಿದ ಮೇಲೆ ಅವರಿಗೆ ಚಿಂತೆ ಸ್ವಲ್ಪ ಹೆಚ್ಚಾಯಿತು ಅನ್ನುವುದೂ ನಿಜ. ಆದರೂ ಹೇಳಬೇಕಾದ್ದೇ.

ಜಾಗ ಗೊತ್ತಾಗಲು ಕಡೇ ಪಕ್ಷ ನಾಲ್ಕು ಉಪಗ್ರಹಗಳ ಸಂಕೇತ ಬೇಕು. ಗೊತ್ತಿಲ್ಲದ ಸಂಖ್ಯೆಗಳು ನಾಲ್ಕು: ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ನಮ್ಮ ಸಾಧನದ ಅಗ್ಗದ ಗಡಿಯಾರದಲ್ಲಿರುವ ತಪ್ಪು. ನಾಲ್ಕು ಅಜ್ಞಾತಕ್ಕೆ ನಾಲ್ಕು ಸಮೀಕರಣ, ಬೇಸಿಕ್ ಮ್ಯಾತ್ಸ್ ಓದಿದವರಿಗೆ ಸಾಕು. 2000ನೇ ಇಸವಿಯ ಮೇ 2ಕ್ಕೆ ಮೊದಲು ಅಮೆರಿಕ ಸರ್ಕಾರ ಸಾಮಾನ್ಯರ ಸಂಕೇತದಲ್ಲಿ ಬೇಕೆಂದೇ ತಪ್ಪು ಸೇರಿಸುತ್ತಿತ್ತು. ಆಗ ಜಾಗ ನೂರು ಮೀಟರಿನಷ್ಟು ಆಚೀಚೆ ಆಗುತ್ತಿತ್ತಂತೆ. ಈಗ ತೆರೆದ ಆಕಾಶದ ಕೆಳಗೆ ಸಾಮಾನ್ಯ ಫೋನು ಸುಮಾರು ಐದು ಮೀಟರಿನೊಳಗೆ ಜಾಗ ಹೇಳುತ್ತದೆ. ಜಿಪಿಎಸ್ ಒಂದೇ ಅಲ್ಲ, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೌ, ನಮ್ಮ ಇಸ್ರೋದ ನಾವಿಕ್ ಎಲ್ಲವನ್ನೂ ಕೇಳಿಸಿಕೊಳ್ಳುವ ಫೋನುಗಳಿವೆ. ನಾವಿಕ್‌ನ ಮೊದಲ ಉಪಗ್ರಹ ಮೇಲೇರಿದ್ದು 2013ರ ಜುಲೈನಲ್ಲಿ. ಆ ಉಪಗ್ರಹಗಳನ್ನು ನಿಯಂತ್ರಿಸುವ ಕೆಲಸದಲ್ಲಿ ನಮ್ಮ ಹಾಸನದ ಸಾಲಗಾಮೆ ರಸ್ತೆಯ ಎಂಸಿಎಫ್ ಕೇಂದ್ರಕ್ಕೂ ಪಾಲಿದೆ. ದಿನಾ ಅದೇ ರಸ್ತೆಯಲ್ಲಿ ಬರುವವರಿಗೂ ಇದು ಗೊತ್ತಿರಲಿಲ್ಲ.

ಆ ಐದು ಮೀಟರ್ ತೆರೆದ ಬಯಲಿನ ಮಾತು. ದಟ್ಟ ಕಾಡಿನಲ್ಲಿ, ಎರಡೂ ಕಡೆ ಏರಿರುವ ಕಣಿವೆಯಲ್ಲಿ ಕಾಣುವ ಆಕಾಶವೇ ಕಡಿಮೆ. ಒದ್ದೆ ಎಲೆಗಳು ಸಂಕೇತವನ್ನು ನುಂಗುತ್ತವೆ, ಬಂಡೆಗೆ ಬಡಿದು ಬಂದ ಸಂಕೇತ ದೂರವನ್ನು ಹೆಚ್ಚು ತೋರಿಸುತ್ತದೆ. ನಾವು ಗೆಂಡೆಕಟ್ಟೆ ಕಡೆ ಅಭ್ಯಾಸಕ್ಕೆ ಹೋದಾಗ ಒಂದು ಪರೀಕ್ಷೆ ಮಾಡಿದೆವು. ದಾರಿ ದಾಖಲಿಸುವ ಆ್ಯಪ್ ಚಾಲೂ ಮಾಡಿ ಫೋನನ್ನು ಮರದ ಕೆಳಗೆ ಒಂದು ಕಲ್ಲಿನ ಮೇಲೆ ಅರ್ಧ ಗಂಟೆ ಇಟ್ಟೆವು. ಯಾರೂ ಮುಟ್ಟಲಿಲ್ಲ. ಎತ್ತಿ ನೋಡಿದರೆ ಫೋನು ನೂರೈವತ್ತು ಮೀಟರ್ ನಡೆದಿದೆ ಎಂದು ತೋರಿಸುತ್ತಿತ್ತು! ಕೂತಲ್ಲೇ ಕೂತ ಫೋನಿಗೆ ಜಾಗ ಪ್ರತಿ ಸಲ ಸ್ವಲ್ಪ ಬೇರೆಯಾಗಿ ಸಿಗುತ್ತದೆ. ಆ ಸಣ್ಣ ಜಿಗಿತಗಳನ್ನೆಲ್ಲ ಅದು ಕೂಡಿಸುತ್ತಾ ಹೋಗುತ್ತದೆ.

ಇದು ಬರೀ ತಮಾಷೆಯಲ್ಲ. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತದ ತುದಿಗೆ ಎಷ್ಟು ದೂರ ಎಂದು ಹುಡುಕಿದರೆ ಒಬ್ಬರು 11 ಕಿ.ಮೀ. ಅನ್ನುತ್ತಾರೆ, ಇನ್ನೊಬ್ಬರು 14. ದಾರಿ ಒಂದೇ. ಹೆಚ್ಚು ಹೊತ್ತು ಕೂತು ದಣಿವಾರಿಸಿಕೊಂಡವರ ದಾಖಲೆಯಲ್ಲಿ ದೂರ ಬೆಳೆದಿರುತ್ತದೆ. ಬ್ಯಾಟರಿ ಉಳಿಸಲು ನಿಮಿಷಕ್ಕೊಂದು ಸಲ ಮಾತ್ರ ಜಾಗ ಗುರುತಿಸಿದವರ ದಾಖಲೆಯಲ್ಲಿ ತಿರುವುಗಳೆಲ್ಲ ಕತ್ತರಿಸಿ ಹೋಗಿ ದೂರ ಕುಗ್ಗಿರುತ್ತದೆ. ಬೇರೆಯವರ ದಾಖಲೆ ಸಿಕ್ಕಿತು ಎಂದು ಅದನ್ನೇ ನಂಬಿ ಹೊರಡಬಾರದು ಎನ್ನುವುದಕ್ಕೆ ಇದು ಮೊದಲ ಕಾರಣ. ನಾವು ಹಲವು ದಾಖಲೆಗಳನ್ನು ಒಂದರ ಮೇಲೊಂದು ಹಾಕಿ ನೋಡಿ, 13 ಕಿ.ಮೀ. ಎಂದು ಇಟ್ಟುಕೊಂಡೆವು.

ಒಂದರ ಮೇಲೊಂದು ಹಾಕುವುದು ಎಂದರೆ ಹೇಗೆ? ಇಂಥ ದಾಖಲೆಗಳು ಸಾಮಾನ್ಯವಾಗಿ ಜಿಪಿಎಕ್ಸ್ ಎಂಬ ಕಡತವಾಗಿ ಸಿಗುತ್ತವೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಒಳಗಿರುವುದು ಸಾಲು ಸಾಲು ಅಕ್ಷಾಂಶ, ರೇಖಾಂಶ, ಎತ್ತರ, ಸಮಯ, ಅಷ್ಟೇ. ಡೇಬುಕ್ಕಿನ ನಮೂದುಗಳ ಹಾಗೆ. ಲ್ಯಾಬಿನ ಕಂಪ್ಯೂಟರಿನಲ್ಲಿ ಗೂಗಲ್ ಅರ್ತ್ ಪ್ರೊ ಹಾಕಿಸಿಕೊಂಡೆವು, ಅದು ಉಚಿತ. ಜಿಪಿಎಕ್ಸ್ ಕಡತಗಳನ್ನು ಅದರಲ್ಲಿ ತೆರೆದರೆ ಎಲ್ಲರೂ ನಡೆದ ಗೆರೆಗಳು ಉಪಗ್ರಹ ಚಿತ್ರದ ಮೇಲೆ ಬೀಳುತ್ತವೆ. ಎಲ್ಲ ಗೆರೆಗಳೂ ಹತ್ತಿರ ಹತ್ತಿರ ಸೇರಿಕೊಂಡಿರುವಲ್ಲಿ ಸ್ಪಷ್ಟವಾದ ಕಾಲುದಾರಿ ಇದೆ ಎಂದು ತಿಳಿಯಬಹುದು. ಒಂದೇ ಗೆರೆ ಬೇರೆ ಕಡೆ ಹೋಗಿದ್ದರೆ ಆ ಮನುಷ್ಯ ದಾರಿ ತಪ್ಪಿದ್ದಿರಬಹುದು, ಅಥವಾ ಅಡ್ಡದಾರಿ ಹಿಡಿದಿರಬಹುದು. ಕಡತ ಎರಡನ್ನೂ ಒಂದೇ ಬಣ್ಣದಲ್ಲಿ ತೋರಿಸುತ್ತದೆ. ಆಮೇಲೆ ಅದೇ ಸಾಫ್ಟ್‌ವೇರಿನಲ್ಲಿ ನಮ್ಮದೇ ಗೆರೆ ಎಳೆದು, ಏರಿಳಿತದ ಚಿತ್ರ ತೆರೆದೆವು. ಅಡ್ಡಕ್ಕೆ ದೂರ, ಉದ್ದಕ್ಕೆ ಎತ್ತರ. ಗೂಗಲ್ ಅರ್ತ್ ಗೆರೆಯನ್ನು ಕೆಎಂಎಲ್ ರೂಪದಲ್ಲಿ ಉಳಿಸುತ್ತದೆ. ಜಿಪಿಎಸ್ ಸಾಧನಕ್ಕೆ ಜಿಪಿಎಕ್ಸ್ ಬೇಕು. ಜಿಪಿಎಸ್‌ಬೇಬಲ್ ಎಂಬ ಉಚಿತ ತಂತ್ರಾಂಶ ಒಂದನ್ನು ಇನ್ನೊಂದಕ್ಕೆ ಬದಲಾಯಿಸಿ ಕೊಡುತ್ತದೆ.

ಫೋನಿಗೆ ನಾವು ಓಎಸ್‌ಎಂಆ್ಯಂಡ್ ಎಂಬ ಆ್ಯಪ್ ಆರಿಸಿಕೊಂಡೆವು. ಅದರ ನಕ್ಷೆ 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನದು. ವಿಕಿಪೀಡಿಯದ ಹಾಗೆ ಯಾರು ಬೇಕಾದರೂ ಸೇರಿಸಬಹುದಾದ ನಕ್ಷೆ. ಗೂಗಲ್ ನಕ್ಷೆಯಲ್ಲಿ ಕಾಣದ ಎಷ್ಟೋ ಕಾಲುದಾರಿಗಳು ಅದರಲ್ಲಿವೆ. ಯಾರು ಬೇಕಾದರೂ ಎಳೆದಿರಬಹುದಾದ ಗೆರೆ ಅದು ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಕಂಪ್ಯೂಟರ್ ಅಲ್ಲ, ಸರ್ವೆ ಆಫ್ ಇಂಡಿಯಾದ ಟೋಪೋಶೀಟ್. ಭೂಗೋಳದ ಉಪನ್ಯಾಸಕರು ಸಮೋನ್ನತ ರೇಖೆ ಓದುವುದನ್ನು ಒಂದೇ ಮಧ್ಯಾಹ್ನದಲ್ಲಿ ಹೇಳಿಕೊಟ್ಟರು. 1:50,000 ಅಳತೆಯ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಒಂದು ಕಂದು ರೇಖೆಯಿಂದ ಮುಂದಿನದಕ್ಕೆ 20 ಮೀಟರ್ ಎತ್ತರ. ಒಂದು ಸೆಂಟಿಮೀಟರಿನೊಳಗೆ ಐದು ರೇಖೆ ದಾಟಿದರೆ ಅರ್ಧ ಕಿಲೋಮೀಟರಿನಲ್ಲಿ ನೂರು ಮೀಟರ್ ಏರಿದ ಹಾಗೆ. ಅಂದರೆ ಸುಮಾರು ಮೂವತ್ತು ಅಂತಸ್ತಿನ ಕಟ್ಟಡದ ಮೆಟ್ಟಿಲು. ಫೋನಿನ ಪರದೆಯಲ್ಲಿ ದಾರಿ ಒಂದು ನೀಲಿ ಗೆರೆ, ಎಲ್ಲ ಕಡೆ ಒಂದೇ ತರಹ ಕಾಣುತ್ತದೆ. ಹಾಳೆಯ ಮೇಲೆ ರೇಖೆಗಳು ಒತ್ತೊತ್ತಾಗಿ ಬಂದಲ್ಲಿ ಬೆರಳಿಟ್ಟರೆ ಕಾಲಿಗೆ ಈಗಲೇ ನೋವು ಬರುತ್ತದೆ.

ಈಗ ಲೆಕ್ಕ. 1892ರಲ್ಲಿ ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸರಳ ಸೂತ್ರ ಕೊಟ್ಟರು. ಇವತ್ತಿಗೂ ಹಲವು ಸಾಫ್ಟ್‌ವೇರುಗಳು ಅದನ್ನೋ ಅದರ ತಿದ್ದುಪಡಿಯನ್ನೋ ಬಳಸುತ್ತವೆ. ಪ್ರತಿ 5 ಕಿ.ಮೀ. ದೂರಕ್ಕೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರ ಪರ್ವತದ ಎತ್ತರ 1,712 ಮೀಟರ್. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ, ಸಮುದ್ರ ಮಟ್ಟದಿಂದ 120 ಮೀಟರಿನ ಆಸುಪಾಸಿನಲ್ಲಿ. ಅಂದರೆ ಏರಬೇಕಾದದ್ದು ಹತ್ತಿರ ಹತ್ತಿರ 1,600 ಮೀಟರ್. 13 ಕಿ.ಮೀ. ದೂರಕ್ಕೆ 2 ಗಂಟೆ 36 ನಿಮಿಷ, 1,600 ಮೀಟರ್ ಏರಿಗೆ 2 ಗಂಟೆ 40 ನಿಮಿಷ, ಒಟ್ಟು 5 ಗಂಟೆ 16 ನಿಮಿಷ. "ಹದಿಮೂರೇ ಕಿಲೋಮೀಟರ್ ತಾನೇ, ಮೂರು ಗಂಟೆ ಸಾಕು" ಎನ್ನುವವರು ಅರ್ಧ ಖರ್ಚನ್ನು ಪುಸ್ತಕಕ್ಕೆ ಹತ್ತಿಸಿಯೇ ಇಲ್ಲ. ಶೇಷ ಪರ್ವತ ದಾಟಿದ ಮೇಲೆ ದಾರಿ ಕೆಳಗಿಳಿದು ಮತ್ತೆ ಏರುತ್ತದೆ, ಅದನ್ನು ನಾನು ಇದರಲ್ಲಿ ಸೇರಿಸಿಲ್ಲ.

ಈ 5 ಗಂಟೆ 16 ನಿಮಿಷ ಎಲ್ಲೂ ಕೂರದೆ, ಗಟ್ಟಿ ಕಾಲಿರುವವರು ನಡೆಯುವ ಲೆಕ್ಕ. ನಾವು ಹಾಗಿಲ್ಲ. ಅದಕ್ಕಾಗಿಯೇ ಗೆಂಡೆಕಟ್ಟೆ ಕಡೆ ಅಭ್ಯಾಸಕ್ಕೆ ಹೋದದ್ದು. ಬೆನ್ನಿಗೆ ಎರಡು ಲೀಟರ್ ನೀರು, ಊಟದ ಡಬ್ಬಿ ಎಲ್ಲ ಹೊತ್ತು 4 ಕಿ.ಮೀ. ನಡೆದೆವು. ನೈಸ್ಮಿತ್ ಲೆಕ್ಕದಲ್ಲಿ 52 ನಿಮಿಷ. ಗುಂಪಿನ ಕೊನೆಯವಳು ಬಂದು ಸೇರಿದಾಗ 75 ನಿಮಿಷ. ಸಮಯವನ್ನು ಕೊನೆಯವರು ಬಂದಾಗಲೇ ನೋಡಬೇಕು. ಮೊದಲು ಓಡಿ ಬಂದು ಕೂತವರ ಸಮಯ ಯಾರಿಗೂ ಉಪಯೋಗವಿಲ್ಲ. 75ನ್ನು 52ರಿಂದ ಭಾಗಿಸಿದರೆ 1.44. ಇದು ನಮ್ಮ ಗುಂಪಿನ ಸಂಖ್ಯೆ. ಬೇರೆ ಗುಂಪಿಗೆ ಬೇರೆ ಸಂಖ್ಯೆ ಬರುತ್ತದೆ, ನಮ್ಮದನ್ನು ಎರವಲು ತೆಗೆದುಕೊಳ್ಳಬೇಡಿ.

5 ಗಂಟೆ 16 ನಿಮಿಷವನ್ನು 1.44ರಿಂದ ಗುಣಿಸಿದರೆ 7 ಗಂಟೆ 35 ನಿಮಿಷ. ಹಾಸನದಿಂದ ಬೆಳಗಿನ ಜಾವ 4.15ಕ್ಕೆ ಬಸ್ ಹೊರಟು, ಸಕಲೇಶಪುರದಲ್ಲಿ ಫಜ್ರ್ ಮುಗಿಸಿ ಕುಕ್ಕೆ ತಲುಪಿ, ನಡೆಯಲು ಶುರು ಮಾಡುವಾಗ 7.30. ತುದಿ ಮುಟ್ಟುವಾಗ ಮಧ್ಯಾಹ್ನ ಮೂರು ದಾಟಿರುತ್ತದೆ. ಇಳಿಯಲು ಕಡೇ ಪಕ್ಷ ಐದು ಗಂಟೆ ಬೇಕು, ಆಯಾಸದ ಕಾಲು ಜಾರುವುದೇ ಇಳಿಯುವಾಗ. ಅಂದರೆ ರಾತ್ರಿ ಎಂಟು. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ; ದಾರಿಯ ಕೊನೆಯ ಐದಾರು ಕಿಲೋಮೀಟರ್ ದಟ್ಟ ಕಾಡು, ಅಲ್ಲಿ ಕತ್ತಲೆ ಇನ್ನೂ ಬೇಗ. ಎರಡು ಗಂಟೆಯ ಕೊರತೆ. ಬೇರೆ ಯಾವ ತಲೆಬರಹದಿಂದಲೂ ಅದನ್ನು ತುಂಬಿಸಲಾಗಲಿಲ್ಲ. ಆದ್ದರಿಂದ ಗಿರಿಗದ್ದೆ. ಭಟ್ಟರ ಮನೆ ಎಂದು ಚಾರಣಿಗರೆಲ್ಲ ಹೇಳುವ ಜಾಗ ಅದೇ. ಅಲ್ಲಿಯವರೆಗೆ ಕಾಡಿನ ನೆರಳು. ಅಲ್ಲಿಂದ ಮುಂದೆ ಬೋಳು ಹುಲ್ಲುಗಾವಲು, ಬಿಸಿಲು.

ಸೋಮವಾರಪೇಟೆ ಕಡೆಯಿಂದಲೂ ದಾರಿ ಇದೆಯಲ್ಲ ಎಂದು ಗೊತ್ತಿರುವವರು ಕೇಳುತ್ತಾರೆ. ಇದೆ. ಬೀಡಳ್ಳಿ, ಹೆಗ್ಗಡೆಮನೆ ಕಡೆಯಿಂದ ಶುರು ಮಾಡಿದರೆ ದೂರ ಹೆಚ್ಚುಕಡಿಮೆ ಅರ್ಧ, ಹೊರಡುವ ಜಾಗವೇ ಸಾಕಷ್ಟು ಎತ್ತರದಲ್ಲಿದೆ. ಆದರೆ ಮೇಲಿನ ಭಾಗದಲ್ಲಿ ಕಡಿದಾದ ಬಂಡೆ ಹತ್ತಬೇಕು. ಅರ್ಧಕ್ಕಿಂತ ಹೆಚ್ಚು ಜನ ಮೊದಲ ಸಲ ಬೆಟ್ಟ ಹತ್ತುವವರಾದ್ದರಿಂದ ಈ ವರ್ಷ ಬೇಡ ಎಂದು ಘಟಕದ ಮೇಡಂ ನಿರ್ಧರಿಸಿದರು. ನಾನು ಒಪ್ಪಿದ್ದೇನೆ, ಆದರೆ ನನ್ನ ಕಣ್ಣು ಆ ಕಡೆಯೇ ಇದೆ.

ಯೋಜನೆಯ ಕಾಗದವನ್ನು ಮೊದಲು ಓದಿದ್ದು ಅಮ್ಮಿ. ಅವರಿಗೆ ಕನ್ನಡ ಓದಲು ನಿಧಾನ, ಹಾಗಾಗಿ ನಾನೇ ಓದಿ ಹೇಳಿದೆ. ಪೂರ್ತಿ ಕೇಳಿದ ಮೇಲೆ ಒಂದೇ ಪ್ರಶ್ನೆ ಹಾಕಿದರು. ಒಬ್ಬಳ ಕಾಲು ಉಳುಕಿದರೆ ಅವಳ ಜೊತೆ ಯಾರು ಕೂರುತ್ತಾರೆ, ಉಳಿದವರು ಎಲ್ಲಿ ಕಾಯುತ್ತಾರೆ? ಅಲ್ಲಿಯವರೆಗೆ ಯಾವ ಸಾಫ್ಟ್‌ವೇರೂ ಈ ಪ್ರಶ್ನೆ ಕೇಳಿರಲಿಲ್ಲ. ಹೋದ ದಾರಿಯಲ್ಲೇ ವಾಪಸ್ ಬರಬೇಕಾದ ಬೆಟ್ಟದಲ್ಲಿ ನಡುವೆ ಹೊರಗೆ ಹೋಗಲು ಬೇರೆ ದಾರಿ ಇರುವುದಿಲ್ಲ. ಅದಕ್ಕಾಗಿ ಆ ಐದಾರು ಕಿಲೋಮೀಟರನ್ನು ನಾಲ್ಕು ತುಂಡು ಮಾಡಿ, ಪ್ರತಿ ತುಂಡಿನ ಕೊನೆಗೆ ಒಂದು ಗುರುತು ಇಟ್ಟೆವು. ಪ್ರತಿ ಗುರುತಿನಲ್ಲೂ ಇಡೀ ಗುಂಪು ಸೇರಬೇಕು, ತಲೆ ಎಣಿಸಬೇಕು. ಯಾರಿಗಾದರೂ ಮುಂದೆ ಆಗುವುದಿಲ್ಲವೆಂದರೆ ಒಬ್ಬರು ದೊಡ್ಡವರು ಮತ್ತು ಇಬ್ಬರು ವಿದ್ಯಾರ್ಥಿಗಳು ಅವರ ಜೊತೆ ಅಲ್ಲಿಂದಲೇ ಇಳಿಯುತ್ತಾರೆ. ಒಂಟಿಯಾಗಿ ಯಾರೂ ಇಲ್ಲ. ನಾಲ್ಕಕ್ಕೂ ಸೇರಿ ಏರಲು ಮೂರೂವರೆ ಗಂಟೆ. 11ಕ್ಕೆ ಗಿರಿಗದ್ದೆ ತಲುಪಬೇಕು. 11.45ಕ್ಕೂ ತಲುಪದಿದ್ದರೆ ಎಲ್ಲಿದ್ದೇವೋ ಅಲ್ಲಿಂದಲೇ ವಾಪಸ್, ಮರದಾಚೆ ಮನೆ ಕಾಣುತ್ತಿದ್ದರೂ ಸರಿ. ಈ ಗಂಟೆಯನ್ನು ಮನೆಯಲ್ಲಿ ಕೂತೇ ಬರೆದುಬಿಡಬೇಕು. ಬೆಟ್ಟದ ಮೇಲೆ ನಿಂತು ಮತ ಹಾಕಿದರೆ ಯಾವತ್ತೂ "ಇನ್ನು ಸ್ವಲ್ಪವೇ" ಎನ್ನುವವರೇ ಗೆಲ್ಲುತ್ತಾರೆ.

ಗುರುತು ಎಂದೆನಲ್ಲ, ಜಿಪಿಎಸ್ ಸಾಧನದಲ್ಲಿ ಅದಕ್ಕೆ ವೇಪಾಯಿಂಟ್ ಎನ್ನುತ್ತಾರೆ, ಒಂದು ಬಿಂದು ಮತ್ತು ಅದರ ಹೆಸರು. ನಡೆದ ದಾರಿಯ ಅಚ್ಚು ಟ್ರ್ಯಾಕ್. ಕೆಲವೇ ಬಿಂದುಗಳನ್ನು ಜೋಡಿಸಿ ಇಲ್ಲಿಂದ ಅಲ್ಲಿಗೆ ಹೋಗು ಎನ್ನುವುದು ರೂಟ್. ಕಾಡಿನಲ್ಲಿ ರೂಟ್ ಅಪಾಯಕಾರಿ. ಎರಡು ಬಿಂದುಗಳ ನಡುವೆ ಅದು ನೇರ ಗೆರೆ ಎಳೆಯುತ್ತದೆ, ನಡುವೆ ಪ್ರಪಾತವಿದ್ದರೂ. ನಾವು ಟ್ರ್ಯಾಕ್ ಮತ್ತು ವೇಪಾಯಿಂಟ್ ಎರಡನ್ನೇ ಇಟ್ಟುಕೊಂಡಿದ್ದೇವೆ.

ಸಾಧನ ನನ್ನ ಮಾಮುವಿನದು. ಅವರು ಕಾಫಿ ತೋಟಗಳ ಅಳತೆ ಕೆಲಸಕ್ಕೆ ಇಟ್ಟುಕೊಂಡಿರುವ ಹಳೆಯ ಗಾರ್ಮಿನ್ ಇಟ್ರೆಕ್ಸ್ 20. ಪರದೆ ಚಿಕ್ಕದು, ಗುಂಡಿ ಒತ್ತಿ ಒತ್ತಿ ಬೇಸರ ಬರುತ್ತದೆ. ಆದರೆ ಕಿರಾಣಿ ಅಂಗಡಿಯಲ್ಲಿ ಸಿಗುವ ಎರಡು ಎಎ ಸೆಲ್ಲಿನಲ್ಲಿ 25 ಗಂಟೆ ನಡೆಯುತ್ತದೆ ಎಂದು ಕಂಪನಿಯೇ ಹೇಳುತ್ತದೆ; ಮಳೆಗೆ ಹೆದರುವುದಿಲ್ಲ, ಬಿಸಿಲಿನಲ್ಲೂ ಪರದೆ ಕಾಣುತ್ತದೆ. ಫೋನು ಹಾಗಲ್ಲ. ಸಿಗ್ನಲ್ ಇಲ್ಲದ ಕಡೆ ಟವರ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ. ಹಾಗಾಗಿ ನಡೆಯುವಾಗ ಫೋನು ಏರೋಪ್ಲೇನ್ ಮೋಡಿನಲ್ಲಿರಲಿ, ಫೋಟೋ ಕಡಿಮೆ ಇರಲಿ. ಇಂಟರ್ನೆಟ್ಟಿನ ಸಹಾಯವಿಲ್ಲದೆ ಹೊಸ ಜಾಗದಲ್ಲಿ ಉಪಗ್ರಹಗಳನ್ನು ಹುಡುಕಿಕೊಳ್ಳಲು ಸಾಧನಕ್ಕೆ ಕೆಲವು ನಿಮಿಷ ಬೇಕು. ಬಸ್ಸಿಳಿದ ಕೂಡಲೇ ಬಯಲಿನಲ್ಲಿ ನಿಂತು ಚಾಲೂ ಮಾಡಿ, ಚಹಾ ಕುಡಿಯುವಷ್ಟರಲ್ಲಿ ಸಿದ್ಧವಾಗಿರುತ್ತದೆ.

ಸಂಖ್ಯೆ ನಮೂದಿಸುವಾಗ ಎರಡು ಕಡೆ ಎಚ್ಚರ ಬೇಕು. 12.50 ಡಿಗ್ರಿ ಎಂದರೆ 12 ಡಿಗ್ರಿ 30 ನಿಮಿಷ. 12 ಡಿಗ್ರಿ 50 ನಿಮಿಷ ಅಲ್ಲ. ಎರಡನ್ನೂ ಅದಲುಬದಲು ಮಾಡಿದರೆ ಅಕ್ಷಾಂಶದಲ್ಲಿ 20 ನಿಮಿಷದ ವ್ಯತ್ಯಾಸ, ನೆಲದ ಮೇಲೆ ಸುಮಾರು 37 ಕಿ.ಮೀ. ಫೋನಿನಲ್ಲಿ ಯಾರಿಗಾದರೂ ಜಾಗ ಹೇಳುವಾಗ ಯಾವ ರೀತಿಯಲ್ಲಿ ಹೇಳುತ್ತಿದ್ದೀರಿ ಎಂಬುದನ್ನೂ ಹೇಳಬೇಕು. ಇನ್ನೊಂದು, ಸಾಧನದಲ್ಲಿ ಡೇಟಮ್ ಎಂಬ ಆಯ್ಕೆ ಡಬ್ಲ್ಯುಜಿಎಸ್ 84 ಆಗಿರಬೇಕು. ಹಳೆಯ ಟೋಪೋಶೀಟುಗಳು ಎವರೆಸ್ಟ್ ಎಂಬ ಬೇರೆ ಅಳತೆಯ ಮೇಲೆ ಮಾಡಿದಂಥವು. ಅದರಿಂದ ಸಂಖ್ಯೆ ಎತ್ತಿ ನೇರವಾಗಿ ಹಾಕಿದರೆ ಜಾಗ ಪಕ್ಕಕ್ಕೆ ಸರಿದು ಬೀಳುತ್ತದೆ. ಎತ್ತರವನ್ನಂತೂ ಫೋನಿನಿಂದ ನಂಬಲೇಬೇಡಿ. ಭೂಮಿ ಸರಿಯಾದ ಗೋಲವಲ್ಲ. ದಕ್ಷಿಣ ಭಾರತದ ಸುತ್ತ ಸಮುದ್ರದ ಮಟ್ಟವೇ, ಜಿಪಿಎಸ್ ಲೆಕ್ಕಕ್ಕೆ ಹಿಡಿಯುವ ಕಾಲ್ಪನಿಕ ಮೇಲ್ಮೈಗಿಂತ ಬಹಳ ಕೆಳಗಿದೆ. ಇದನ್ನು ಸರಿಪಡಿಸದ ಆ್ಯಪ್ ನಮ್ಮ ಕಡೆ ಎತ್ತರವನ್ನು 80–90 ಮೀಟರಿನಷ್ಟು ಕಡಿಮೆ ತೋರಿಸುತ್ತದೆ. ಮಂಗಳೂರಿನ ಬೀಚಿನಲ್ಲಿ ನಿಂತವರು ನೀರಿನೊಳಗಿದ್ದ ಹಾಗೆ.

ಗೆರೆಗೆ ಗೊತ್ತಿಲ್ಲದ ಇನ್ನೂ ಕೆಲವು ವಿಷಯಗಳಿವೆ. ಕುಮಾರ ಪರ್ವತ ಪುಷ್ಪಗಿರಿ ವನ್ಯಜೀವಿಧಾಮದೊಳಗಿದೆ. 2024ರ ಜನವರಿ ಕೊನೆಯಲ್ಲಿ ಆ ದಾರಿಯಲ್ಲಿ ಜನ ಸಾಲುಗಟ್ಟಿ ನಿಂತ ವಿಡಿಯೋ ನೀವೂ ನೋಡಿರಬಹುದು. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಈಗ ಮುಂಗಡ ಟಿಕೆಟ್ ಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಯಾರೋ ಹಳೆಯ ದಿನಗಳಲ್ಲಿ ನಡೆದು ಬಿಟ್ಟುಹೋದ ಜಿಪಿಎಕ್ಸ್ ಕಡತ ಚೆಕ್‌ಪೋಸ್ಟನ್ನು ಸುತ್ತಿಕೊಂಡು ಹೋಗಿರಬಹುದು, ಖಾಸಗಿ ತೋಟದೊಳಗೆ ನುಗ್ಗಿರಬಹುದು. ಆನೆಯ ವಿಷಯ ಆಲೂರು, ಸಕಲೇಶಪುರ ಕಡೆಯಿಂದ ಬರುವ ಸಹಪಾಠಿಗಳಿಗೆ ನಾನು ಹೇಳಬೇಕಾಗಿಲ್ಲ. ಅರಣ್ಯ ಸಿಬ್ಬಂದಿ ಇವತ್ತು ಬೇಡ ಎಂದರೆ ನಮ್ಮ ಹಾಳೆಯಲ್ಲಿ ಬರೆದದ್ದೆಲ್ಲ ರದ್ದು.

ಸೌದಿ, ದುಬೈಯಲ್ಲಿ ಸಂಬಂಧಿಕರಿರುವವರಿಗೆ ಒಂದು ಮಾತು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಗಳು ಅಲ್ಲಿ ಸುಲಭವಾಗಿ ಸಿಗುತ್ತವೆ, ನೋಡಲು ಜಿಪಿಎಸ್ ಸಾಧನದ ಹಾಗೆಯೇ ಇರುತ್ತವೆ. ನಮ್ಮ ದೇಶದಲ್ಲಿ ಸರ್ಕಾರದ ಪರವಾನಗಿ ಇಲ್ಲದೆ ಅವನ್ನೂ, ಸ್ಯಾಟಲೈಟ್ ಫೋನನ್ನೂ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲೇ ಹಿಡಿದ ಪ್ರಕರಣಗಳಿವೆ. ತರಲು ಹೇಳಬೇಡಿ. ಬರೀ ಕೇಳಿಸಿಕೊಳ್ಳುವ ಮಾಮೂಲಿ ಜಿಪಿಎಸ್ ಬೇರೆ. ಸಿಗ್ನಲ್ ಸಿಕ್ಕುವ ಕಡೆ 112ಕ್ಕೆ ಕರೆ ಮಾಡಬಹುದು, ನಮ್ಮ ಕಂಪನಿಯ ಟವರ್ ಇಲ್ಲದಿದ್ದರೂ ಬೇರೆಯದರ ಮೂಲಕ ಹೋಗುತ್ತದೆ.

ಜುಹರ್ ನಮಾಜ್ ಗಿರಿಗದ್ದೆಯಲ್ಲಿ, 12.30ಕ್ಕೆ. ಅಲ್ಲಿಂದ ಕಿಬ್ಲಾ ಸುಮಾರು 289 ಡಿಗ್ರಿ, ಅಂದರೆ ನೇರ ಪಶ್ಚಿಮದಿಂದ ಉತ್ತರಕ್ಕೆ 19 ಡಿಗ್ರಿ. ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮ ಕಡೆ ಒಂದೆರಡು ಡಿಗ್ರಿಯ ವ್ಯತ್ಯಾಸವಷ್ಟೇ. ಆದರೆ ಆಯಸ್ಕಾಂತದ ಮುಚ್ಚಳವಿರುವ ಫೋನ್ ಕವರಿನಲ್ಲಿ ದಿಕ್ಸೂಚಿ ಏನು ಬೇಕಾದರೂ ತೋರಿಸುತ್ತದೆ, ಕವರ್ ತೆಗೆದು ನೋಡಿ. ಊಟ, ನಮಾಜ್ ಮುಗಿಸಿ 1.15ಕ್ಕೆ ಇಳಿಯಲು ಶುರು, 4.15ಕ್ಕೆ ಬಸ್ಸಿನ ಹತ್ತಿರ.

ಈ ಎಲ್ಲವೂ ಒಂದೇ ಹಾಳೆಯಲ್ಲಿದೆ. ಮುಂಭಾಗದಲ್ಲಿ ನಕ್ಷೆ, ನಾಲ್ಕು ಗುರುತುಗಳು, ಪ್ರತಿಯೊಂದರ ಅಕ್ಷಾಂಶ, ರೇಖಾಂಶ ಮತ್ತು ಸಮಯ. ಹಿಂಭಾಗದಲ್ಲಿ ಹೆಸರುಗಳು, ಯಾರ ಜೊತೆ ಯಾರು, ಯಾರಿಗೆ ಯಾವ ಔಷಧಿ. ಸಂಜೆ 6 ಗಂಟೆಯೊಳಗೆ ಕುಕ್ಕೆಯಿಂದ ಫೋನ್ ಬಾರದಿದ್ದರೆ ಮನೆಯವರು ಮೊದಲು ಯಾರಿಗೆ, ಆಮೇಲೆ ಯಾರಿಗೆ ಕರೆ ಮಾಡಬೇಕು ಎಂಬುದೂ ಅದರಲ್ಲಿದೆ. ಉರ್ದುವಿನಲ್ಲೂ ಬರೆಸಿದ್ದೇವೆ. ನಮ್ಮ ಮನೆಯಲ್ಲಿ ಅದು ಈಗ ಫ್ರಿಜ್ಜಿನ ಬಾಗಿಲ ಮೇಲಿದೆ. ಅಮ್ಮಿ ದಿನಕ್ಕೊಂದು ಸಲ ಓದುತ್ತಾರೆ, ಸಹಿಯನ್ನು ಇನ್ನೂ ಹಾಕಿಲ್ಲ.

ಹೆಸರು ಕೊಟ್ಟವರು ಗುರುವಾರ ಮಧ್ಯಾಹ್ನದ ಬಿಡುವಿನಲ್ಲಿ ಡೇಟಾ ಕೇಬಲ್ ಸಮೇತ ಕಂಪ್ಯೂಟರ್ ಲ್ಯಾಬಿಗೆ ಬನ್ನಿ. ಜಿಪಿಎಕ್ಸ್ ಕಡತ ಮತ್ತು ಆಫ್‌ಲೈನ್ ನಕ್ಷೆ ಹಾಕಿಕೊಡುತ್ತೇವೆ, ಫೋನಿನಲ್ಲಿ ಒಂದು ಜಿಬಿ ಜಾಗ ಖಾಲಿ ಇರಲಿ. ಫೋನ್ ಇಲ್ಲದವರಿಗೂ ಹಾಳೆ ಸಿಗುತ್ತದೆ. ಮನೆಗೆ ಒಂದು ಪ್ರತಿ ತೆಗೆದುಕೊಂಡು ಹೋಗಿ, ಪೋಷಕರ ಸಹಿ ಹಾಕಿಸಿದ ಪ್ರತಿಯನ್ನು ಶನಿವಾರದೊಳಗೆ ಮೇಡಂ ಹತ್ತಿರ ಕೊಡಿ.